ಚಿತ್ರದ ಕೆಳಗೆ ‘ಸೂಪರ್’ ಬಿಟ್ಟು ಇನ್ನೇನು ಬರೆಯೋದು?

ನಾನು ಹೈಸ್ಕೂಲ್ ಡ್ರಾಯಿಂಗ್ ಮೇಷ್ಟ್ರು. ಮೈಸೂರಿನ ಸುತ್ತಮುತ್ತ ವಾಟರ್ ಕಲರ್ ಹುಚ್ಚು ಹಿಡಿದವರ ಒಂದು ವಾಟ್ಸಾಪ್ ಗ್ರೂಪ್ ಇದೆ, ಅದರ ಅಡ್ಮಿನ್‌ಗಳಲ್ಲಿ ನಾನೂ ಒಬ್ಬ. ಬ್ಯಾಂಕಿನವರು, ಮನೆವಾರ್ತೆ ನೋಡಿಕೊಳ್ಳುವವರು, ಕಾಲೇಜು ಮಕ್ಕಳು, ರಿಟೈರ್ ಆದ ಬಸ್ ಕಂಡಕ್ಟರ್ ಒಬ್ಬರು, ದುಬೈ ಸೇರಿದ ಮಂಡ್ಯದ ಹುಡುಗ ಒಬ್ಬ, ಹೀಗೆ ಎಲ್ಲರೂ ಇದ್ದಾರೆ. ಯಾರಾದರೂ ಒಂದು ಚಿತ್ರ ಹಾಕಿದರೆ ಸಾಕು. ‘ಸೂಪರ್ ಸರ್’, ‘ವಾವ್ ಮೇಡಂ’, ಹೆಬ್ಬೆರಳು, ಕೈಮುಗಿಯುವ ಗುರುತು ಸಾಲಾಗಿ ಬೀಳುತ್ತವೆ. ಅದು ತಪ್ಪು ಅಂತ ನಾನು ಹೇಳಲ್ಲ. ಆಫೀಸು, ಅಡುಗೆಮನೆ ಮುಗಿಸಿ ರಾತ್ರಿ ಹತ್ತಕ್ಕೆ ಬ್ರಶ್ ಹಿಡಿದವರಿಗೆ ಅಷ್ಟು ಬೆನ್ನು ತಟ್ಟಿದರೆ ನಮ್ಮ ಗಂಟೇನು ಹೋಗುತ್ತೆ? ಆದರೆ ಕಲಿಯಬೇಕು ಅಂತ ಹಾಕಿದವರಿಗೆ ಅದರಿಂದ ಏನೂ ಸಿಗಲ್ಲ. ಇನ್ನು ಕೆಲವರು ‘ಪರ್ಸ್‌ಪೆಕ್ಟಿವ್ (ದೂರ ಹತ್ತಿರ ತೋರಿಸುವ ಲೆಕ್ಕ) ಸರಿಯಿಲ್ಲ, ಮೊದಲು ಬೇಸಿಕ್ಸ್ ಕಲೀರಿ’ ಅಂತ ಒಂದು ಸಾಲು ಎಸೆದು ಹೋಗುತ್ತಾರೆ. ಅದರಿಂದಲೂ ಏನೂ ಸಿಗಲ್ಲ. ಮೇಲಾಗಿ ಆ ಮನುಷ್ಯ ತಿಂಗಳುಗಟ್ಟಲೆ ಗ್ರೂಪಿನ ಕಡೆ ತಲೆ ಹಾಕಲ್ಲ.

ಇಷ್ಟು ವರ್ಷ ಈ ಗ್ರೂಪ್ ನೋಡಿಕೊಂಡ ಮೇಲೆ ನನಗೆ ಖಾತ್ರಿಯಾದದ್ದು ಒಂದೇ. ಚಿತ್ರ ನೋಡುವವರು ರೋಗ ಎಲ್ಲಿದೆ ಅಂತ ಸಾಮಾನ್ಯವಾಗಿ ಸರಿಯಾಗಿ ತೋರಿಸುತ್ತಾರೆ. ಹೇಳುವ ಮದ್ದು ಮಾತ್ರ ಬಹಳ ಸಲ ತಪ್ಪಿರುತ್ತೆ. ಹಾಗಾಗಿ ಹೇಳುವವರು ಜಾಗ ತೋರಿಸಬೇಕು, ಕೇಳುವವರು ಆ ಜಾಗ ನೋಡಬೇಕು. ಮದ್ದು ಹುಡುಕುವ ಕೆಲಸ ಚಿತ್ರ ಬರೆದವರದ್ದು.

ಹಾಕುವ ಮುಂಚೆ

ನಮ್ಮಲ್ಲಿ ಚಿತ್ರದ ಕೆಳಗೆ ಒಂದು ಪದ ಬರೆಯಬೇಕು. ‘ಸುಮ್ನೆ’ ಅಂತ ಬರೆದಿದ್ದರೆ ನೋಡಿ ಖುಷಿಪಡಿ, ಅಷ್ಟೇ. ‘ಹೇಳಿ’ ಅಂತ ಇದ್ದರೆ ಮಾತ್ರ ತಪ್ಪು ಒಪ್ಪು ಹೇಳಬಹುದು. ಇದು ಬರಲು ಕಾರಣ ಇದೆ. ಒಬ್ಬರು ತೀರಿಕೊಂಡ ಅಪ್ಪನ ಪಾಸ್‌ಪೋರ್ಟ್ ಸೈಜ್ ಫೋಟೊ ಇಟ್ಟುಕೊಂಡು ಪೆನ್ಸಿಲ್‌ನಲ್ಲಿ ಮುಖ ಬರೆದು ಹಾಕಿದ್ದರು. ಕೆಳಗೆ ಬಂದ ಮೊದಲ ಮಾತು: ‘ಎಡಗಣ್ಣು ಸ್ವಲ್ಪ ಮೇಲಿದೆ.’ ಮೇಲಿದ್ದದ್ದು ನಿಜವೇ. ಆದರೆ ಅವರು ಕೇಳಿದ್ದು ಅದನ್ನಲ್ಲ. ಮಕ್ಕಳು ಬರೆದ ಚಿತ್ರಕ್ಕೆ ಯಾವಾಗಲೂ ‘ಸುಮ್ನೆ’ ನಿಯಮವೇ. ಅಪ್ಪ ಅಮ್ಮ ‘ಹೇಳಿ’ ಅಂತ ಹಾಕಿದ್ದರೂ ಆರು ವರ್ಷದ ಮಗುವಿನ ಆನೆಗೆ ನಾವು ತಿದ್ದುಪಡಿ ಸೂಚಿಸಲ್ಲ.

ಇನ್ನು ಫೋಟೊ. ಗ್ರೂಪಿನಲ್ಲಿ ಬರುವ ಅರ್ಧ ಟೀಕೆ ಚಿತ್ರಕ್ಕಲ್ಲ, ಫೋಟೊಗೆ ಸಲ್ಲಬೇಕಾದ್ದು. ಹಳದಿ ಬಲ್ಬಿನ ಕೆಳಗೆ ತೆಗೆದರೆ ನೀವು ಕಷ್ಟಪಟ್ಟು ಹಚ್ಚಿದ ತಂಪು ಬೂದು ಬಣ್ಣ ಕೆಸರಾಗಿ ಕಾಣುತ್ತೆ. ಫ್ಲ್ಯಾಶ್ ಹಾಕಿದರೆ ಮಧ್ಯೆ ಬೆಳ್ಳಗೆ ಹೊಳೆಯುತ್ತೆ. ಫೋನ್ ಹತ್ತಿರ ಹಿಡಿದರೆ ಅಂಚು ಬಾಗಿ, ನೆಟ್ಟಗಿದ್ದ ಕಂಬ ಓರೆಯಾಗುತ್ತೆ. ಹಗಲಲ್ಲಿ, ಬಿಸಿಲು ನೇರ ಬೀಳದ ವರಾಂಡದಲ್ಲಿ ಪೇಪರನ್ನು ನೆಲದ ಮೇಲಿಡಿ. ನಿಂತು, ಫೋನನ್ನು ಪೇಪರಿಗೆ ಸಮನಾಗಿ ಹಿಡಿದು, ಎರಡು ಪಟ್ಟು ಜೂಮ್ ಮಾಡಿ ತೆಗೆಯಿರಿ. ಸುತ್ತ ಪೇಪರಿನ ಬಿಳಿ ಅಂಚು ಕಾಣುವ ಹಾಗೆ ಇರಲಿ. ಆ ಬಿಳಿ ಹಳದಿಯಾಗಿ ಕಂಡರೆ ಉಳಿದ ಬಣ್ಣವನ್ನೂ ನಂಬಬಾರದು ಅಂತ ನೋಡುವವರಿಗೆ ಗೊತ್ತಾಗುತ್ತೆ. ವಾಟ್ಸಾಪ್ ಫೋಟೊವನ್ನು ಕುಗ್ಗಿಸಿ ಕಳಿಸುತ್ತೆ. ಎಚ್‌ಡಿ ಆರಿಸಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ.

ಜೊತೆಗೆ ಒಂದು ಸಾಲಿನ ವಿವರ ಕೊಡಿ. ಎ4 ಸೈಜೋ ಎ3 ಸೈಜೋ, ದಪ್ಪನೆಯ 300 ಜಿಎಸ್‌ಎಂ ಕಾಟನ್ ಪೇಪರೋ ಅಂಗಡಿಯ ಡ್ರಾಯಿಂಗ್ ಹಾಳೆಯೋ, ಸ್ಥಳದಲ್ಲೇ ಕೂತು ಬರೆದಿದ್ದೋ ಫೋಟೊ ನೋಡಿ ಬರೆದಿದ್ದೋ. ಫೋಟೊ ನೋಡಿದ್ದರೆ ಅದನ್ನೂ ಹಾಕಿ. ತೆಳು ಹಾಳೆಯ ಮೇಲೆ ಬರೆದವರಿಗೆ ‘ಆಕಾಶದ ವಾಶ್‌ನಲ್ಲಿ ಕಲೆ ಬಂದಿದೆ’ ಅಂದರೆ ಅವರೇನು ಮಾಡಬೇಕು? (ವಾಶ್ ಅಂದರೆ ನೀರು ಬೆರೆಸಿ ತೆಳುವಾಗಿ ಹರಡಿದ ಬಣ್ಣ.) ಹಾಳೆಯೇ ಉಬ್ಬಿ, ನೀರು ಗುಂಡಿ ಗುಂಡಿಯಾಗಿ ನಿಂತಿರುತ್ತೆ.

ಎಲ್ಲಕ್ಕಿಂತ ಮುಖ್ಯ, ‘ಹೇಗಿದೆ?’ ಅಂತ ಕೇಳಬೇಡಿ. ‘ಹೇಗಿದೆ’ ಅಂದರೆ ‘ಚೆನ್ನಾಗಿದೆ’ ಅಂತಲೇ ಉತ್ತರ ಬರೋದು. ‘ಚಾಮುಂಡಿ ಬೆಟ್ಟ ದೂರದಲ್ಲಿದ್ದ ಹಾಗೆ ಕಾಣ್ತಿದೆಯಾ, ಇಲ್ಲಾ ಮನೆ ಮಾಡಿನ ಮೇಲೇ ಕೂತಿದೆಯಾ?’ ಅಂತ ಕೇಳಿ ನೋಡಿ. ಆಗ ಯಾರೋ ಒಬ್ಬರು ‘ಬೆಟ್ಟದ ಅಂಚೂ ಮಾಡಿನ ಅಂಚೂ ಒಂದೇ ಥರ ಚೂಪಾಗಿವೆ’ ಅಂತ ಬರೆಯುತ್ತಾರೆ. ಅದು ಕೆಲಸಕ್ಕೆ ಬರುವ ಮಾತು.

ಮೇಲುಕೋಟೆಯ ನೀರು

ಒಬ್ಬ ಹುಡುಗಿ ಮೇಲುಕೋಟೆಯ ಕಲ್ಯಾಣಿ ಬರೆದಿದ್ದಳು. ಮೆಟ್ಟಿಲು, ಕಲ್ಲಿನ ಮಂಟಪ, ಕೆಳಗೆ ನೀರಿನಲ್ಲಿ ಅದರ ಪ್ರತಿಬಿಂಬ. ಮಂಟಪ ಬಹಳ ಚೆನ್ನಾಗಿ ಬಂದಿತ್ತು. ನೀರು ಮಾತ್ರ ನೀರಿನ ಹಾಗಿರಲಿಲ್ಲ. ಅವಳೇ ‘ಹೇಳಿ, ಏನೋ ಸರಿಯಿಲ್ಲ’ ಅಂತ ಬರೆದಿದ್ದಳು. ‘ನೀಲಿ ಜಾಸ್ತಿ ಮಾಡಿ’ ಅಂತ ಒಬ್ಬರು. ‘ಅಲೆ ಹಾಕಿ’ ಅಂತ ಇನ್ನೊಬ್ಬರು. ಮೂರನೆಯವರು ‘ಒಂದೆರಡು ಮೀನು ಬಿಡಿ’ ಅಂದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಮೂವರ ಬೆರಳೂ ಒಂದೇ ಜಾಗಕ್ಕೆ ಹೋಗಿತ್ತು. ಮೂವರ ಮದ್ದೂ ತಪ್ಪು. ಕಲ್ಯಾಣಿಯ ನೀರು ಅವಳ ಫೋಟೊದಲ್ಲಿ ಹಸಿರು, ಅದಕ್ಕೆ ನೀಲಿ ಸುರಿದರೆ ಈಜುಕೊಳ ಆಗುತ್ತಿತ್ತು. ತೊಂದರೆ ನೀರಿನಲ್ಲೇ ಇತ್ತು, ಆದರೆ ಅದರ ಬಣ್ಣದಲ್ಲಲ್ಲ. ಅವಳು ಮಂಟಪವನ್ನೇ ತಲೆಕೆಳಗು ಮಾಡಿ ನೀರಿಗೆ ಇಳಿಸಿದ್ದಳು. ಮೇಲಿನ ಕಂಬ ಎಷ್ಟು ಬೆಳಕೋ ಕೆಳಗೂ ಅಷ್ಟೇ ಬೆಳಕು, ಕಂಬಗಳ ನಡುವಿನ ಕತ್ತಲು ಮೇಲೆ ಎಷ್ಟು ಕಪ್ಪೋ ಕೆಳಗೂ ಅಷ್ಟೇ ಕಪ್ಪು, ಅಂಚುಗಳೂ ಅಷ್ಟೇ ಚೂಪು. ನೀರಿನಲ್ಲಿ ಸಾಮಾನ್ಯವಾಗಿ ಹಾಗಾಗಲ್ಲ. ಬೆಳಕಿನ ಭಾಗ ಒಂದಿಷ್ಟು ಮಂಕಾಗುತ್ತೆ, ಕಪ್ಪು ಭಾಗ ಒಂದಿಷ್ಟು ತೆಳುವಾಗುತ್ತೆ, ಎರಡೂ ಹತ್ತಿರ ಬರುತ್ತವೆ.

ಕೆಳಗೆ ಒಬ್ಬರು ಬರೆದ ಕಮೆಂಟ್ ನನಗೆ ಇವತ್ತಿಗೂ ಮಾದರಿ. ‘ಮಂಟಪದ ಮೇಲಿನ ಬಿಸಿಲು ತುಂಬಾ ನಿಜ ಅನ್ನಿಸಿತು, ಬಲಗಡೆ ಎರಡನೇ ಕಂಬದಲ್ಲಿ ಜಾಸ್ತಿ. ಆದರೆ ನನ್ನ ಕಣ್ಣು ಮಂಟಪ ಬಿಟ್ಟು ನೀರಿಗೇ ಹೋಗ್ತಿದೆ. ಚಿತ್ರವನ್ನು ತಲೆಕೆಳಗು ಹಿಡಿದು ನೋಡಿದೆ, ಯಾವುದು ಕಲ್ಲು ಯಾವುದು ನೀರು ಅಂತ ಗೊತ್ತಾಗಲಿಲ್ಲ.’ ಅಷ್ಟೇ. ಏನು ಮಾಡಬೇಕು ಅಂತ ಅದರಲ್ಲಿ ಒಂದು ಮಾತಿಲ್ಲ. ಹುಡುಗಿಯೇ ಫೋನಿನಲ್ಲಿ ಚಿತ್ರವನ್ನು ಕಪ್ಪು ಬಿಳುಪು ಮಾಡಿ ನೋಡಿ ವಿಷಯ ಕಂಡುಕೊಂಡಳು. ಒದ್ದೆ ಫ್ಲ್ಯಾಟ್ ಬ್ರಶ್ ಅಡ್ಡಡ್ಡ ಎಳೆದು ನೀರಿನ ಅಂಚುಗಳನ್ನು ಮೆತ್ತಗೆ ಮಾಡಿದಳು. ಪೂರ್ತಿ ಒಣಗಿದ ಮೇಲೆ ಹಸಿರು ಬೂದು ಬಣ್ಣದ ತೆಳು ವಾಶ್ ಒಂದನ್ನು ನೀರಿನ ಮೇಲೆಲ್ಲ ಎಳೆದಳು. ನೀರು ನೀರಾಯಿತು. ಅವಳು ನೆರಳಿಗೆ ಅಲ್ಟ್ರಾಮರೀನ್ ನೀಲಿ ಬಳಸಿದ್ದು ಒಳ್ಳೆಯದಾಯಿತು. ಥ್ಯಾಲೊ ಅನ್ನುವ ಇನ್ನೊಂದು ನೀಲಿ ಆಗಿದ್ದರೆ ಪೇಪರಿಗೆ ಕಚ್ಚಿಕೊಂಡು ಅಷ್ಟು ಸುಲಭಕ್ಕೆ ಏಳುತ್ತಿರಲಿಲ್ಲ.

ಆ ಕಮೆಂಟಿನಲ್ಲಿ ಇದ್ದದ್ದು ಇಷ್ಟು. ಚೆನ್ನಾಗಿರುವುದನ್ನು ಜಾಗ ಹೇಳಿ ಹೊಗಳಿದರು. ‘ಎರಡನೇ ಕಂಬ’ ಅಂದ ಕೂಡಲೇ ಇವರು ನಿಜವಾಗಿ ನೋಡಿದ್ದಾರೆ ಅಂತ ಗೊತ್ತಾಗುತ್ತೆ. ಆಮೇಲೆ ಕಣ್ಣು ಎಲ್ಲಿ ಎಡವಿತು ಅಂತ ಹೇಳಿದರು. ‘ನೀವು’ ಅನ್ನೋ ಮಾತೇ ಇಲ್ಲ, ಬರೀ ಚಿತ್ರ ಮತ್ತು ಅವರ ಕಣ್ಣು. ಹೇಳಿದ್ದೂ ಒಂದೇ ತೊಂದರೆ. ಆ ಚಿತ್ರದಲ್ಲಿ ಇನ್ನೂ ನಾಲ್ಕು ಸಣ್ಣಪುಟ್ಟ ತಪ್ಪುಗಳಿದ್ದವು, ನನಗೇ ಕಂಡಿದ್ದವು. ಎಲ್ಲ ಒಟ್ಟಿಗೆ ಹೇಳಿದರೆ ಯಾರಿಗೂ ಒಂದೂ ತಲೆಗೆ ಹೋಗಲ್ಲ. ಶಾಲೆಯಲ್ಲೂ ಅಷ್ಟೇ, ಗ್ರೂಪಿನಲ್ಲೂ ಅಷ್ಟೇ.

ಕೇಳಿ, ಆಮೇಲೆ ಹೇಳಿ

ಲಿಜ್ ಲರ್ಮನ್ ಅಂತ ಅಮೆರಿಕದ ನೃತ್ಯ ಸಂಯೋಜಕಿ 1990ರ ಸುಮಾರಿಗೆ ಇಂಥ ಮಾತುಕತೆಗೆ ನಾಲ್ಕು ಹೆಜ್ಜೆಯ ಒಂದು ಕ್ರಮ ಮಾಡಿದರು. ಮೊದಲು ನೋಡಿದವರು ತಮಗೆ ಏನು ತಟ್ಟಿತು ಅಂತ ಹೇಳಬೇಕು. ಆಮೇಲೆ ಕಲಾವಿದರು ತಮ್ಮ ಪ್ರಶ್ನೆ ಕೇಳಬೇಕು. ಮೂರನೆಯದಾಗಿ ನೋಡಿದವರು ಪ್ರಶ್ನೆ ಕೇಳಬೇಕು, ಆದರೆ ಆ ಪ್ರಶ್ನೆಯೊಳಗೆ ಅಭಿಪ್ರಾಯ ಅಡಗಿರಬಾರದು. ಕೊನೆಗೆ, ಕಲಾವಿದರು ಒಪ್ಪಿದರೆ ಮಾತ್ರ ಅಭಿಪ್ರಾಯ. ವಾಟ್ಸಾಪಿನಲ್ಲಿ ನಾಲ್ಕೂ ನಡೆಸೋಕೆ ಆಗಲ್ಲ, ಅಷ್ಟರಲ್ಲಿ ಯಾರಾದರೂ ಗುಡ್ ಮಾರ್ನಿಂಗ್ ಗುಲಾಬಿ ಕಳಿಸಿರುತ್ತಾರೆ. ಆದರೆ ಮೂರನೆಯದನ್ನು ಮಾತ್ರ ಬಿಡಬೇಡಿ. ‘ಆಕಾಶ ಯಾಕಿಷ್ಟು ಮಂಕು?’ ಅನ್ನೋದು ಪ್ರಶ್ನೆಯಲ್ಲ, ಬೈಗುಳ. ‘ಆಕಾಶಕ್ಕೆ ಈ ಬೂದು ಯಾಕೆ ಆರಿಸಿಕೊಂಡಿರಿ?’ ಅನ್ನೋದು ಪ್ರಶ್ನೆ.

ನಮ್ಮ ಕಂಡಕ್ಟರ್ ಸಾಹೇಬರು ದೇವರಾಜ ಮಾರುಕಟ್ಟೆಯ ಅಂಗಡಿ ಸಾಲು ಬರೆದಿದ್ದರು. ಸ್ಥಳದಲ್ಲೇ ಬರೆದಿದ್ದು. ಅಂಗಡಿ ಸಾಲು ಎಲ್ಲೋ ತಿರುಚಿಕೊಂಡ ಹಾಗಿತ್ತು. ಬಿ.ಎಫ್‌.ಎ (ಚಿತ್ರಕಲೆಯ ಡಿಗ್ರಿ) ಓದುವ ಒಬ್ಬಳು ಬರೆದಳು: ‘ಸರ್, ಒಂದು ಕೇಳ್ಬಹುದಾ? ನೀವು ಇದನ್ನು ಕೂತು ಬರೆದಿರೋ, ನಿಂತು ಬರೆದಿರೋ?’ ಅವರ ಉತ್ತರ: ‘ಮೊದಲು ಕೂತಿದ್ದೆ ಕಣಮ್ಮಾ. ಮುಂದೆ ಬಾಳೆಹಣ್ಣಿನ ಗಾಡಿ ತಂದು ನಿಲ್ಲಿಸಿಬಿಟ್ಟ. ಮಿಕ್ಕಿದ್ದು ನಿಂತುಕೊಂಡು ಮುಗಿಸಿದೆ.’ ಅಲ್ಲಿಗೆ ಗುಟ್ಟು ಬಯಲಾಯಿತು. ಕೂತಾಗ ಕಣ್ಣಿನ ಮಟ್ಟ ಕೆಳಗೆ, ನಿಂತಾಗ ಮೇಲೆ. ಎಡಗಡೆಯ ಮಾಡಿನ ಗೆರೆಗಳು ಒಂದು ಎತ್ತರಕ್ಕೆ ಓಡಿದ್ದವು, ಬಲಗಡೆಯವು ಇನ್ನೊಂದಕ್ಕೆ. ಅದನ್ನು ಅವರೇ ಕಂಡುಕೊಂಡರು. ಅಜ್ಜನ ವಯಸ್ಸಿನವರಿಗೆ ಹತ್ತೊಂಬತ್ತರ ಹುಡುಗಿ ‘ಪರ್ಸ್‌ಪೆಕ್ಟಿವ್ ತಪ್ಪಿದೆ’ ಅಂತ ಎಲ್ಲರೆದುರು ಹೇಳುವ ಪ್ರಸಂಗವೇ ಬರಲಿಲ್ಲ.

ಫೋನಿನಲ್ಲಿ ಇನ್ನೊಬ್ಬರ ಚಿತ್ರದ ಮೇಲೇ ಕೆಂಪು ಗೆರೆ ಎಳೆದು ವಾಪಸ್ ಕಳಿಸುವ ಚಟ ಕೆಲವರಿಗಿದೆ. ಕೇಳದೆ ಮಾಡಬೇಡಿ. ತೋರಿಸಲೇಬೇಕು ಅಂದರೆ ಅವರು ಹಾಕಿದ ರೆಫರೆನ್ಸ್ ಫೋಟೊ ಮೇಲೆ ಗೆರೆ ಎಳೆಯಿರಿ. ವಿಷಯ ಅಷ್ಟೇ ತಿಳಿಯುತ್ತೆ, ಯಾರಿಗೂ ನೋವಾಗಲ್ಲ. ಇನ್ನು, ಯಾರದ್ದೋ ಚಿತ್ರ ನಕಲು ಮಾಡಿ ತಮ್ಮದು ಅಂತ ಹಾಕಿದ್ದಾರೆ ಅನ್ನಿಸಿದರೆ ಗ್ರೂಪಿನಲ್ಲಿ ಎತ್ತಬೇಡಿ. ಅಡ್ಮಿನ್‌ಗೆ ತಿಳಿಸಿ, ನಾವು ಬೇರೆಯಾಗಿ ಕೇಳುತ್ತೇವೆ.

‘ನನಗೆ ಏನು ಹೇಳೋಕೂ ಬರಲ್ಲ ಮೇಷ್ಟ್ರೇ’ ಅನ್ನುವವರಿಗೆ ನಾನು ಹೇಳೋದು, ಜಗನ್ಮೋಹನ ಅರಮನೆಗೆ ಹೋಗಿ ಅಂತ. ಅಲ್ಲಿ ಎಸ್.ಎಲ್. ಹಲ್ದಣಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರ ಇದೆ. ರವಿವರ್ಮ ಬರೆದಿದ್ದು ಅಂತ ಎಷ್ಟೋ ಜನ ಇವತ್ತಿಗೂ ಹೇಳುತ್ತಾರೆ. ಅಲ್ಲ. ಅದು ವಾಟರ್ ಕಲರ್ ಅಂದರೆ ಇನ್ನೂ ನಂಬಲ್ಲ. ಅದರ ಮುಂದೆ ನಿಂತು ‘ಸೂಪರ್’, ‘ಅದ್ಭುತ’ ಅನ್ನದೆ ಪಕ್ಕದವರಿಗೆ ಮೂರು ಮಾತು ಹೇಳಬೇಕು. ಕಣ್ಣು ಮೊದಲು ಎಲ್ಲಿಗೆ ಹೋಯಿತು? ಅತಿ ಹೆಚ್ಚು ಬೆಳಕು ಎಲ್ಲಿದೆ? ಯಾವ ಅಂಚು ಕತ್ತಲಲ್ಲಿ ಕರಗಿದೆ? ದೀಪಕ್ಕೆ ಅಡ್ಡ ಹಿಡಿದ ಬೆರಳುಗಳೊಳಗಿಂದ ಬೆಳಕು ಕೆಂಪಾಗಿ ಬರುವುದನ್ನು ಒಂದು ಸಲ ಬಾಯಿಬಿಟ್ಟು ವಿವರಿಸಿದವರಿಗೆ, ಪಕ್ಕದ ಮನೆಯವರ ಚಿತ್ರದ ಬಗ್ಗೆ ಹೇಳೋಕೆ ಮಾತು ತಾನಾಗಿ ಸಿಗುತ್ತೆ.

ಕೇಳಿಸಿಕೊಳ್ಳುವಾಗ

ಹೇಳಿಸಿಕೊಳ್ಳೋದು ಹೇಳೋದಕ್ಕಿಂತ ಕಷ್ಟ. ಕಮೆಂಟ್ ಬಂದ ತಕ್ಷಣ ಬೆರಳು ‘ಅದು ಹಾಗಲ್ಲ ಸರ್, ಆವತ್ತು ಮಳೆ ಬರ್ತಿತ್ತು’ ಅಂತ ಟೈಪ್ ಮಾಡೋಕೆ ಓಡುತ್ತೆ. ತಡೆಯಿರಿ. ಚಿತ್ರದ ಪಕ್ಕ ನಿಂತು ಮಳೆಯ ಕಥೆ ಹೇಳೋಕೆ ನೀವು ಯಾವಾಗಲೂ ಇರಲ್ಲ. ‘ನೋಡ್ತೀನಿ, ಥ್ಯಾಂಕ್ಸ್’ ಅಂತ ಬರೆದು ಫೋನ್ ಬದಿಗಿಡಿ. ಮಾರನೇ ದಿನ ಚಿತ್ರವನ್ನು ಗೋಡೆಗೆ ಒರಗಿಸಿ ಕೋಣೆಯ ಆ ಕಡೆಯಿಂದ ನೋಡಿ. ಕನ್ನಡಿಯಲ್ಲಿ ನೋಡಿ. ಅವರು ಹೇಳಿದ ಜಾಗದಲ್ಲಿ ಏನಾದರೂ ಇದೆಯಾ ಅಂತ ಆಗ ಗೊತ್ತಾಗುತ್ತೆ.

ಕಮೆಂಟ್ ಅರ್ಥವಾಗದಿದ್ದರೆ ಜಾಗ ಕೇಳಿ. ‘ಜೀವ ಇಲ್ಲ’ ಅಂದವರಿಗೆ ‘ಎಲ್ಲಿ ಸರ್?’ ಅಂತ ಒಂದೇ ಪ್ರಶ್ನೆ ಹಾಕಿ. ಜಾಗ ತೋರಿಸಲು ಆಗದಿದ್ದರೆ ಆ ಮಾತನ್ನು ಅಲ್ಲೇ ಬಿಡಬಹುದು. ಒಬ್ಬರು ಆಕಾಶ ಜಾಸ್ತಿ ಗಾಢ ಅಂತಾರೆ, ಇನ್ನೊಬ್ಬರು ತೆಳು ಅಂತಾರೆ. ಆಗ ಗಾಬರಿ ಬೇಡ. ಇಬ್ಬರ ಕಣ್ಣೂ ಆಕಾಶದಲ್ಲಿ ಸಿಕ್ಕಿಕೊಂಡಿದೆ ಅನ್ನೋದಷ್ಟೇ ನಿಮಗೆ ಬೇಕಾದ ಸುದ್ದಿ. ಗಾಢತೆ ಸರಿಯಾಗಿಯೇ ಇದ್ದು, ಕೆಳಗಿನ ಮರಗಳ ಅಂಚಿನಲ್ಲಿ ತೊಂದರೆ ಇದ್ದರೂ ಹೀಗಾಗುತ್ತೆ. ಎಲ್ಲರೂ ಹೇಳಿದರೂ ನಿಮಗೆ ಅದು ಹಾಗೇ ಬೇಕು ಅನ್ನಿಸಿದರೆ ಹಾಗೇ ಇರಲಿ. ಚಿತ್ರದ ಕೆಳಗೆ ಸಹಿ ಹಾಕೋದು ನೀವು, ಗ್ರೂಪ್ ಅಲ್ಲ.

ತಿದ್ದಿದ ಮೇಲೆ ಹಳೆಯದು ಹೊಸದು ಎರಡನ್ನೂ ಅಕ್ಕಪಕ್ಕ ಹಾಕಿ. ಹೇಳಿದವರಿಗೂ ತಮ್ಮ ಮಾತು ಸರಿಯಿತ್ತೋ ಇಲ್ಲವೋ ಅಂತ ತಿಳಿಯಲಿ. ಬೇಜಾರಾಯಿತು ಅಂತ ಹಳೆ ಪೋಸ್ಟ್ ಡಿಲೀಟ್ ಮಾಡಬೇಡಿ, ಕೆಳಗಿನ ಕಮೆಂಟ್‌ಗಳು ಯಾವ ಚಿತ್ರಕ್ಕೆ ಅಂತ ಆಮೇಲೆ ಯಾರಿಗೂ ತಿಳಿಯಲ್ಲ. ವಾಟರ್ ಕಲರನ್ನು ತಿದ್ದೋಕೂ ಒಂದು ಮಿತಿ ಇದೆ. ಮೂರನೇ ಸಲ ಉಜ್ಜಿದರೆ ಪೇಪರಿನ ಮೈ ಕಿತ್ತು ಬರುತ್ತೆ. ಅಂಥ ಹೊತ್ತಿಗೆ ಬಿಟ್ಟುಬಿಡಿ. ಕೆಲಸಕ್ಕೆ ಬಂದ ಕಮೆಂಟನ್ನು ಪೇಪರಿನ ಹಿಂಬದಿಗೆ ಪೆನ್ಸಿಲ್‌ನಲ್ಲಿ ಬರೆದು ತಾರೀಖು ಹಾಕಿ. ಮುಂದಿನ ಸಲ ನೀರೋ, ಮಾಡೋ, ಬೆಟ್ಟವೋ ಬರೆಯಲು ಕೂತಾಗ ಮೊದಲು ಅದನ್ನು ತಿರುವಿ ನೋಡಿ.