ಫೋಟೊ ಪ್ರಿಂಟಿನ ಬೆನ್ನಿಗೆ ಏನು ಬರೆಯುತ್ತೇನೆ

ಮಾರುವ ಫೋಟೊದ ಚೀಟಿಯಲ್ಲಿ ಬಣ್ಣದ ಮಾತು ಬೇಡ. ಶಾಯಿ ಯಾವುದು, ಕಾಗದ ಯಾವುದು, ಒಟ್ಟು ಎಷ್ಟು ಪ್ರತಿ, ಯಾವ ವರ್ಷದ್ದು ಅಂತ ತಿಳಿದರೆ ಸಾಕು. ನಾನಿರುವುದು ಗಂಗಾವತಿಯಲ್ಲಿ. ಆನೆಗುಂದಿ, ಹಿರೇಬೆಣಕಲ್ ಕಡೆಯ ಬಂಡೆಗಳ ಫೋಟೊ ತೆಗೆದು, ಮನೆಯಲ್ಲೇ ಪ್ರಿಂಟ್ ಹಾಕಿ, ಗ್ಯಾಲರಿಗಳಿಗೆ ಕಳಿಸುತ್ತೇನೆ.

ನನ್ನ ಪ್ರಿಂಟರ್ ಕಾಗದದ ಮೇಲೆ ಶಾಯಿಯ ಸಣ್ಣ ಹನಿ ಸಿಡಿಸಿ ಚಿತ್ರ ಮೂಡಿಸುವಂಥದ್ದು. ತೊಡಕು ಶುರುವಾಗುವುದೇ ಅದಕ್ಕಿರುವ 'ಇಂಕ್‌ಜೆಟ್' ಎಂಬ ಹೆಸರಿನಿಂದ. ಕೇಳಿದವರಿಗೆ ಝೆರಾಕ್ಸ್ ಅಂಗಡಿ ನೆನಪಾಗುತ್ತದೆ. ನಮ್ಮ ಫ್ರೇಮ್ ಅಂಗಡಿಯವರು ಒಮ್ಮೆ, "ಹಂಗಾದ್ರ ಜಾತ್ರಿ ಫ್ಲೆಕ್ಸೂ ಇಂಕ್‌ಜೆಟ್ಟೇ ಅಲ್ಲೇನ್ರೀ?" ಎಂದರು. ಹೌದು, ಅದೂ ಇಂಕ್‌ಜೆಟ್ಟೇ! ಈ ಮುಜುಗರ ಬೇಡವೆಂದೇ 1991ರಲ್ಲಿ ಅಮೆರಿಕದಲ್ಲಿ ಪ್ರಿಂಟ್ ಹಾಕುತ್ತಿದ್ದ ಜ್ಯಾಕ್ ಡುಗಾನ್ ಇಂಥ ಪ್ರಿಂಟಿಗೆ 'ಜಿಕ್ಲೇ' ಎಂಬ ಹೆಸರು ಹುಟ್ಟುಹಾಕಿದರು. ಕೇಳಲು ಚಂದ. ಆದರೆ ಶಾಯಿ ಡೈಯೋ ಪಿಗ್ಮೆಂಟೋ ಅಂತ ಅದು ಹೇಳುವುದೇ ಇಲ್ಲ. ದುಡ್ಡು ಕೊಡುವವರು ತಿಳಿಯಬೇಕಾದ್ದು ಅದೇ ಅಲ್ವಾ? ಡೈ ಶಾಯಿಯಲ್ಲಿ ಬಣ್ಣ ಕರಗಿರುತ್ತದೆ, ಬೆಳಕಿಗೆ ಸಾಮಾನ್ಯವಾಗಿ ಬೇಗ ಮಾಸುತ್ತದೆ. ಪಿಗ್ಮೆಂಟಿನಲ್ಲಿ ಬಣ್ಣ ಸಣ್ಣ ಕಣಗಳಾಗಿ ಉಳಿಯುತ್ತದೆ, ಜಾಸ್ತಿ ಬಾಳುತ್ತದೆ. ಹಾಗಾಗಿ ನಾನು ಬರೆಯುವುದು 'ಪಿಗ್ಮೆಂಟ್ ಇಂಕ್‌ಜೆಟ್ ಪ್ರಿಂಟ್'. ಗ್ಯಾಲರಿಗಳಿಗೆ 'ಆರ್ಕೈವಲ್ ಪಿಗ್ಮೆಂಟ್ ಪ್ರಿಂಟ್' ಎಂಬುದು ಇಷ್ಟ. ಕೇಳಿದರೆ ಬೇಡ ಅನ್ನುವುದಿಲ್ಲ. ನಾನಾಗಿ ಮಾತ್ರ 'ಆರ್ಕೈವಲ್', ಅಂದರೆ ಬಹುಕಾಲ ಬಾಳುವಂಥದ್ದು, ಎಂದು ಸೇರಿಸುವುದಿಲ್ಲ. ಕೊಂಡವರು ಅದನ್ನು ಬಳ್ಳಾರಿಯ ಬಿಸಿಲು ನೇರವಾಗಿ ಬೀಳುವ ಗೋಡೆಗೆ ಹಾಕಿದರೆ ನಾನೇನು ಮಾಡಲಿ?

ನನ್ನ ಒಂದು ಚೀಟಿ ಹೀಗಿದೆ:

ಮೊರೇರ ಬೆಟ್ಟ, ಹಿರೇಬೆಣಕಲ್, ಕೊಪ್ಪಳ ಜಿಲ್ಲೆ
ಫೋಟೊ 2019, ಪ್ರಿಂಟ್ 2024
ಪಿಗ್ಮೆಂಟ್ ಇಂಕ್‌ಜೆಟ್ ಪ್ರಿಂಟ್, ಹಾನೆಮ್ಯೂಲೆ ಫೋಟೊ ರ‍್ಯಾಗ್ 308 ಜಿಎಸ್‌ಎಂ, ಹತ್ತಿ ಕಾಗದ
ಚಿತ್ರ 34 × 51 ಸೆಂ.ಮೀ., ಕಾಗದ 42 × 59.4 ಸೆಂ.ಮೀ.
ಪ್ರತಿ 3/15

ಹಾನೆಮ್ಯೂಲೆ ಎಂಬುದು ಕಾಗದದ ಕಂಪನಿ, ಫೋಟೊ ರ‍್ಯಾಗ್ ಅವರ ಒಂದು ಕಾಗದ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಸ್ಟುಡಿಯೋದವರ 'ಹನ್ನೆರಡು ಹದಿನೆಂಟು' ಇಂಚಿನ ಲೆಕ್ಕ ಇಲ್ಲಿ ಸಾಲದು, ಏಕೆಂದರೆ ಫ್ರೇಮ್ ಮಾಡುವವರಿಗೆ ಚಿತ್ರದ ಅಳತೆಯೂ ಬೇಕು, ಕಾಗದದ ಅಳತೆಯೂ ಬೇಕು. ಹೆಸರಿನ ವಿಷಯಕ್ಕೆ ಬಂದರೆ, 'ಮೌನ', 'ಅನಂತ' ಅಂತೆಲ್ಲ ಇಡಿ ಎಂದು ಸಲಹೆ ಕೊಟ್ಟವರಿದ್ದಾರೆ. ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲುಗೋರಿಗಳಿರುವ ಈ ಬೆಟ್ಟಕ್ಕೆ ಊರವರು ಇಟ್ಟ ಹೆಸರೇ ಇರುವಾಗ ನನ್ನದೇಕೆ?

ಪ್ರತಿ ಸಂಖ್ಯೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ತಾಮ್ರದ ಫಲಕದಿಂದ ಅಚ್ಚು ತೆಗೆಯುವಾಗ ಫಲಕ ಸವೆಯುತ್ತದೆ. ಅಲ್ಲಿ ಮೊದಲ ಪ್ರತಿಗಳಿಗೆ ಬೆಲೆ ಜಾಸ್ತಿ ಇದ್ದರೆ ಅದಕ್ಕೊಂದು ಅರ್ಥವಿದೆ. ಇಂಕ್‌ಜೆಟ್‌ನಲ್ಲಿ ಸವೆಯುವ ಫಲಕವೇ ಇಲ್ಲ. ಒಂದನೆಯದೂ ಹದಿನೈದನೆಯದೂ ಒಂದೇ ಥರ ಬರಬೇಕು. ಹಾಗಾಗಿ 3/15 ಅನ್ನುವುದು ಹದಿನೈದಕ್ಕಿಂತ ಹೆಚ್ಚು ತೆಗೆಯುವುದಿಲ್ಲ ಎಂದು ನಾನು ಕೊಟ್ಟ ಮಾತು, ಅಷ್ಟೇ. ಆ ಹದಿನೈದರಲ್ಲಿ ಎಲ್ಲ ಸೈಜೂ ಸೇರಿದೆಯೋ ಇಲ್ಲ ಈ ಸೈಜಿಗೆ ಮಾತ್ರವೋ ಎಂದು ಮೊದಲೇ ಹೇಳಿಬಿಡಬೇಕು. ಜಗಳ ಬರುವುದೇ ಅಲ್ಲಿ. ನನ್ನದರಲ್ಲಿ ಎಲ್ಲ ಸೈಜೂ ಸೇರಿದೆ. ಆ ಲೆಕ್ಕದ ಹೊರಗೆ ಕಲಾವಿದರು ತಮಗೆಂದು ಇಟ್ಟುಕೊಳ್ಳುವ ಪ್ರತಿ ಇದ್ದರೆ ಅದಕ್ಕೆ 'ಎ/ಪಿ' (ಆರ್ಟಿಸ್ಟ್ಸ್ ಪ್ರೂಫ್) ಎಂದು ಗುರುತು ಹಾಕಿ, ಅವು ಎಷ್ಟು ಎಂಬುದನ್ನೂ ತಿಳಿಸುತ್ತೇನೆ. ಯಾವ ನಂಬರ್ ಯಾರಿಗೆ, ಯಾವ ತಾರೀಖು ಎಂಬುದಕ್ಕೆ ಒಂದು ರಿಜಿಸ್ಟರ್ ಇದೆ. ಕಿರಾಣಿ ಅಂಗಡಿಯಲ್ಲಿ ಸಿಗುವ ಉದ್ದ ನೋಟ್‌ಬುಕ್, ಬೇರೇನಿಲ್ಲ.

ಇನ್ನು ಬರೆಯುವ ಕೆಲಸ. ಹತ್ತಿ ಕಾಗದದ ಹಿಂದೆ, ಕೆಳಗಿನ ಮೂಲೆಯಲ್ಲಿ, ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಬರೆಯುತ್ತೇನೆ. ಬಾಲ್‌ಪೆನ್ ಒತ್ತಿದರೆ ಮುಂದಿನ ಕಡೆ ಗೆರೆ ಉಬ್ಬುತ್ತದೆ. ಪ್ಲಾಸ್ಟಿಕ್ ಲೇಪದ ಫೋಟೊ ಕಾಗದಕ್ಕೆ ಪೆನ್ಸಿಲ್ ಹಿಡಿಯುವುದಿಲ್ಲ. ಅದಕ್ಕೆ ಪಿಗ್ಮೆಂಟ್ ಶಾಯಿಯ ಪೆನ್ ಬೇಕು, ಬರೆದ ಮೇಲೆ ಪೂರ್ತಿ ಒಣಗಲು ಬಿಡಬೇಕು. ಸಹಿ ಮುಂದೆ, ಚಿತ್ರದ ಕೆಳಗಿನ ಬಿಳಿ ಅಂಚಿನಲ್ಲಿ.

ಪ್ರಿಂಟಿಗೆ ನೇರವಾಗಿ ಸ್ಟಿಕರ್ ಅಂಟಿಸಲೇಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಅಂಟು ಮೆತ್ತಗಾಗಿ ಹರಡುತ್ತದೆ, ಕಾಗದಕ್ಕೆ ಕಲೆ ಬೀಳುತ್ತದೆ. ಅಚ್ಚು ಮಾಡಿದ ಚೀಟಿ ಫ್ರೇಮಿನ ಹಿಂದಿನ ಬೋರ್ಡಿಗೆ ಹೋಗಲಿ. ಆದರೆ ಫ್ರೇಮ್ ಬದಲಾದರೆ ಚೀಟಿಯೂ ಹೋಗುತ್ತದೆ. ಅದಕ್ಕೇ ಪೆನ್ಸಿಲ್ ಬರಹ ಬೇಕೇ ಬೇಕು. ಹಾಗೇ, ಪ್ರಿಂಟ್ ಹಾಕಿದ ಕೂಡಲೇ ಗಾಜಿನೊಳಗೆ ಕೂರಿಸಬಾರದು. ಕನಿಷ್ಠ ಒಂದು ದಿನ ಒಣಗದಿದ್ದರೆ ಗಾಜಿಗೆ ಒಳಗಿನಿಂದ ಮಂಜು ಹಿಡಿಯುತ್ತದೆ.

ಬೆಲೆಯನ್ನು ಚೀಟಿಯಲ್ಲಿ ಬರೆಯುವುದಿಲ್ಲ, ಅದು ಬೇರೆ ಪಟ್ಟಿಯಲ್ಲಿ. ಸರ್ಟಿಫಿಕೇಟ್ ಕೇಳಿದವರಿಗೆ ಚೀಟಿಯ ಸಾಲುಗಳನ್ನೇ ಅಕ್ಷರ ಬದಲಿಸದೆ ಬರೆದು, ಸಹಿ ಹಾಕಿ ಕೊಡುತ್ತೇನೆ. ಇನ್ನು ಲ್ಯಾಬಿನಲ್ಲಿ ಬೆಳಕಿನಿಂದ ಮೂಡಿಸಿ ರಾಸಾಯನಿಕದಲ್ಲಿ ತೊಳೆದು ತೆಗೆದ ಕಲರ್ ಪ್ರಿಂಟ್ ಇದ್ದರೆ, ಅದು ಇಂಕ್‌ಜೆಟ್ ಅಲ್ಲವೇ ಅಲ್ಲ. ಅದರ ಮೇಲೆ 'ಕ್ರೋಮೋಜೆನಿಕ್ ಪ್ರಿಂಟ್' ಎಂದೇ ಬರೆಯಿರಿ.