ಕಪಾಟಿನಲ್ಲಿ ಏಪ್ರನ್ ಸಿಗುವ ಮೊದಲೇ ಮನೆಯಲ್ಲಿ ಹೇಳಿ

ನಮ್ಮವರು ಫ್ರೀಮೇಸನ್ ಅನ್ನುವ ಸಂಘಕ್ಕೆ ಸೇರಿ ಆರು ವರ್ಷವಾಯಿತು. ಮುಲುಂಡಿನ ಮನೆಯಲ್ಲಿ ನಾವು ನಾಲ್ಕು ಜನ: ಅತ್ತೆ, ನಾವಿಬ್ಬರು, ಕಾಲೇಜಿಗೆ ಹೋಗುವ ಮಗಳು. ಕಳೆದ ತಿಂಗಳು ಮಾಟುಂಗಾದಲ್ಲಿ ಒಂದು ಮದುವೆಗೆ ಹೋಗಿದ್ದಾಗ ಪರಿಚಯದ ಹೆಂಗಸೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ನಮ್ಮ ಮನೆಯವರೂ ಅದಕ್ಕೆ ಸೇರ್ತಾರಂತೆ. ನೀವು ಹೇಗೆ ಒಪ್ಪಿದಿರಿ? ನಿಮ್ಮತ್ತೆ ಏನೂ ಅನ್ನಲಿಲ್ವಾ?" ಅಂತ ಕೇಳಿದರು. ಊಟದ ಗದ್ದಲದಲ್ಲಿ ಅರ್ಧವಷ್ಟೇ ಹೇಳಲು ಆಯಿತು. ಅವರಂತೆ ಯೋಚನೆಯಲ್ಲಿರುವವರಿಗೆ ಪೂರ್ತಿಯಾಗಿ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು, ಮನೆಯ ಹಿರಿಯರಿಗೆ ಸೇರುವ ಮುಂಚೆಯೇ ಹೇಳಿ. ನಾವು ಹೇಳಲಿಲ್ಲ. ಸೇರಿಸಿಕೊಳ್ಳುವ ಮುಂಚೆ ಅಲ್ಲಿನ ಇಬ್ಬರು ಹಿರಿಯರು ಮನೆಗೆ ಬಂದಿದ್ದರು. ಚಹಾ ಕುಡಿದು, "ವಹಿನಿ (ಅತ್ತಿಗೆ), ನಿಮ್ಮ ಒಪ್ಪಿಗೆ ಇದೆಯಾ?" ಅಂತ ಮರಾಠಿಯಲ್ಲಿ ಕೇಳಿದರು. ನಾನು ಹೂಂ ಅಂದೆ. ಅತ್ತೆ ಆಗ ಕುಂದಾಪುರದಲ್ಲಿದ್ದರು. "ಅಮ್ಮನಿಗೆ ಸದ್ಯಕ್ಕೆ ಬೇಡ" ಅಂದರು ನಮ್ಮವರು. ಆ ಸದ್ಯ ಅನ್ನುವುದು ಏಳು ತಿಂಗಳು ನಡೆಯಿತು.

ಒಂದು ದಿನ ನಾನು ಶಾಲೆಯ ಕೆಲಸ ಮುಗಿಸಿ ಬಂದಾಗ ಅತ್ತೆ ಮಂಚದ ಮೇಲೆ ಕೂತಿದ್ದರು. ತೊಡೆಯ ಮೇಲೆ ಬಿಳಿ ಏಪ್ರನ್. ಪಕ್ಕದಲ್ಲಿ ಒಂದು ಜೊತೆ ಬಿಳಿ ಗ್ಲೌಸು, ಇಸ್ತ್ರಿ ಮಾಡಿದ ಕಪ್ಪು ಸೂಟು. ನುಸಿಗುಳಿಗೆ ಇಡಲು ಕಪಾಟು ತೆಗೆದಿದ್ದರಂತೆ. ಕಣ್ಣು ಕೆಂಪಾಗಿತ್ತು. "ಅವನ ಕೆಲಸ ಹೋಯ್ತಾ? ಕೇಟರಿಂಗಿನವರ ಒಟ್ಟಿಗೆ ಬಡಿಸ್ಲಿಕ್ಕೆ ಹೋಗ್ತಾನಾ?" ಅಂತ ಕೇಳಿದರು. ನಮ್ಮ ಮಾವ ಹನ್ನೊಂದನೇ ವಯಸ್ಸಿಗೆ ಮುಂಬೈಗೆ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಕಪ್-ಬಸಿ ತೊಳೆದವರು. ರಾತ್ರಿ ಶಾಲೆಯಲ್ಲಿ ಓದಿ ಆಮೇಲೆ ಗುಮಾಸ್ತರಾದವರು. ಮಗನಿಗೆ ಆ ಕಷ್ಟ ಬರಬಾರದು ಅಂತಲೇ ಇಬ್ಬರೂ ಹೊಟ್ಟೆ ಬಟ್ಟೆ ಕಟ್ಟಿದ್ದು. ಈಗ ಆ ಮಗ ತಿಂಗಳಿಗೊಮ್ಮೆ ಸೂಟು ಹಾಕಿಕೊಂಡು ಹೋಗಿ ರಾತ್ರಿ ಹನ್ನೊಂದೂವರೆಗೆ ಬರುತ್ತಿದ್ದ. ಅತ್ತೆ ಎಲ್ಲ ನೋಡಿಯೂ ಏಳು ತಿಂಗಳು ಒಂದು ಮಾತು ಕೇಳಿರಲಿಲ್ಲ. ಆ ಸಂಜೆ ಅವರು ಏಪ್ರನ್ನಿನ ಅಂಚನ್ನು ಬೆರಳಲ್ಲಿ ಸವರುತ್ತಾ ಕೂತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹೇಳುವಾಗ ಉದ್ದ ಭಾಷಣ ಬೇಡ. ಇದು ಗಂಡಸರ ಹಳೇ ಸಂಘ. ದೇವರನ್ನು ನಂಬುವವರನ್ನು ಮಾತ್ರ ಸೇರಿಸುತ್ತಾರೆ, ಯಾವ ದೇವರು ಅನ್ನುವುದು ಅವರವರಿಗೆ ಬಿಟ್ಟದ್ದು. ಕಲ್ಲುಕುಟಿಗರ ಮೂಲೆಮಟ್ಟ, ಕೈವಾರ ಇಂಥ ಸಾಮಾನುಗಳನ್ನು ಮುಂದಿಟ್ಟುಕೊಂಡು ನಡತೆಯ ಪಾಠ ಹೇಳುತ್ತಾರೆ. ಏಪ್ರನ್ನೂ ಆ ಕಲ್ಲು ಕೆಲಸದವರದ್ದೇ. ಒಳಗೆ ಧರ್ಮದ ಜಗಳ, ರಾಜಕೀಯದ ಮಾತು ಆಡುವಂತಿಲ್ಲ. ದಾನ ಧರ್ಮಕ್ಕೆ ಹಣ ಕೂಡಿಸುತ್ತಾರೆ. ಇಷ್ಟು ಹೇಳಿದರೆ ಸಾಕು. ನಾನು ಅವತ್ತು ಅತ್ತೆಗೆ ಇಷ್ಟನ್ನೇ ಹೇಳಿದ್ದು, ನಮ್ಮವರು ಮನೆಗೆ ಬರುವ ಮೊದಲೇ.

"ಲಾಡ್ಜಿಗೆ ಹೋಗಿದ್ದಾರೆ" ಅಂತ ಮಾತ್ರ ಯಾರಿಗೂ ಫೋನಿನಲ್ಲಿ ಹೇಳಬೇಡಿ. ಅವರ ಘಟಕಕ್ಕೆ ಲಾಡ್ಜ್ ಅಂತಲೇ ಹೆಸರು, ನಿಜ. ಆದರೆ ನಮ್ಮ ಕಡೆಯವರಿಗೆ ಲಾಡ್ಜ್ ಅಂದರೆ ರೂಮು ಬಾಡಿಗೆಗೆ ಕೊಡುವ ಜಾಗ. ಊರಿನಿಂದ ಫೋನ್ ಮಾಡಿದ ಚಿಕ್ಕಮ್ಮನಿಗೆ ನನ್ನ ಮಗಳು, "ಅಪ್ಪ ಲಾಡ್ಜಿಗೆ ಹೋಗಿದ್ದಾರೆ, ರಾತ್ರಿ ತಡವಾಗುತ್ತೆ" ಅಂದಳು. ಎರಡೇ ದಿನದಲ್ಲಿ ಸುದ್ದಿ ನನ್ನ ತಂದೆಯವರೆಗೆ ಹೋಗಿ, ಅವರು ನನಗೆ ಫೋನ್ ಮಾಡಿ ಸುಮ್ನೆ "ಎಲ್ಲ ಸರಿ ಇದೆ ಅಲ್ವಾ ಮಗಳೇ?" ಅಂತ ಮೂರು ಸಲ ಕೇಳಿದರು. ಮೀಟಿಂಗ್ ಅನ್ನಿ. ಅದು ಸುಳ್ಳೂ ಅಲ್ಲ.

ಮನೆಯವರಿಗೆ ಜಾಸ್ತಿ ಕಷ್ಟ ಆಗುವುದು ಗುಟ್ಟಿನ ವಿಷಯದಲ್ಲಿ. ಇಲ್ಲಿ ಸೇರುವವರೇ ಕೂತು ಯಾವುದನ್ನು ಹೇಳಬಹುದು, ಯಾವುದನ್ನು ಹೇಳುವಂತಿಲ್ಲ ಅಂತ ಬಿಡಿಸಿ ಹೇಳಬೇಕು. ತಾನು ಸದಸ್ಯ ಅನ್ನುವುದು ಗುಟ್ಟಲ್ಲ. ಸಭೆ ಎಲ್ಲಿ, ಯಾವಾಗ, ಎಷ್ಟು ಖರ್ಚು ಅನ್ನುವುದೂ ಗುಟ್ಟಲ್ಲ. ಒಬ್ಬರನ್ನೊಬ್ಬರು ಗುರುತಿಸುವ ಪದ, ಸನ್ನೆ, ಕೈ ಹಿಡಿಯುವ ರೀತಿ, ಇವನ್ನು ಹೊರಗೆ ಹೇಳುವುದಿಲ್ಲ ಅಂತ ಮಾತು ಕೊಟ್ಟಿರುತ್ತಾರೆ. ಮೂರು ಹಂತದ ದೀಕ್ಷೆ ಇರುತ್ತದೆ. ಅದರ ವಿವರವನ್ನೂ ಅವರು ಮಾತಾಡುವುದಿಲ್ಲ.

ನಮ್ಮವರು ಅವತ್ತು ರಾತ್ರಿ ಅಮ್ಮನ ಕಾಲ ಬಳಿ ಕೂತು ಇದನ್ನೆಲ್ಲ ಹೇಳಿದರು. ಪ್ರಮಾಣ ಮಾಡಿದ್ದು ಭಗವದ್ಗೀತೆಯ ಮೇಲೆ ಅಂದರು. ನಮ್ಮ ದೇಶದ ಲಾಡ್ಜುಗಳಲ್ಲಿ ಗೀತೆ, ಬೈಬಲ್, ಕುರಾನ್ ಒಟ್ಟಿಗೆ ಇಟ್ಟಿರುತ್ತಾರೆ. ಅತ್ತೆ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ನಿನ್ನ ಮುಂಜಿಯಲ್ಲಿ ಶಲ್ಯ ಮುಚ್ಚಿ ಕಿವಿಯಲ್ಲಿ ಮಂತ್ರ ಹೇಳಿದ್ದು ಸಭೆಯಲ್ಲಿ ಕೂತವರಿಗೆ ಕೇಳಿತ್ತಾ? ಹಾಗೇ ಇರಬೇಕು ಇದು." ಏಪ್ರನ್ ಕುರಿಮರಿಯ ಚರ್ಮದ್ದು ಅಂತ ಗೊತ್ತಾದಾಗ ಮುಖ ಸಣ್ಣ ಮಾಡಿದರು. ಅದು ಅವರ ಮಡಿಯ ರೇಷ್ಮೆ ಸೀರೆಗಳ ಜೊತೆ ಇತ್ತಲ್ಲ! ಮಾರನೇ ದಿನ ಬೆಳಿಗ್ಗೆ ಅವರೇ, "ಜನಿವಾರಕ್ಕೆ ಕೃಷ್ಣಾಜಿನ ಕಟ್ತೇವಲ್ಲ, ಅದೂ ಚರ್ಮವೇ" ಅಂದರು. ಆದರೂ ಏಪ್ರನ್ನಿಗೆ ಬೇರೆ ಜಾಗ ಮಾಡಿದೆವು. ನಿಮ್ಮ ಮನೆಯಲ್ಲಿ ಮಡಿ ಇದ್ದರೆ ಇದನ್ನು ಮೊದಲೇ ನೋಡಿಕೊಳ್ಳಿ.

ಹೂಂ ಅನ್ನುವ ಮೊದಲು ಹೆಂಡತಿಯಾದವಳು ಕೇಳಬೇಕಾದದ್ದು ಕೆಲವಿದೆ. ನಾನು ಕೇಳಿರಲಿಲ್ಲ, ನೀವು ಕೇಳಿ. ಸೇರುವ ಫೀಸು, ವರ್ಷದ ಚಂದಾ, ಸೂಟು, ಸಭೆ ಆದಮೇಲಿನ ಊಟ, ದಾನದ ಹಣ, ಎಲ್ಲ ಸೇರಿಸಿ ವರ್ಷಕ್ಕೆ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆಸಿ. ತಿಂಗಳಲ್ಲಿ ಎಷ್ಟು ಸಂಜೆ ಹೋಗುತ್ತದೆ? ಲಾಡ್ಜಿನಲ್ಲಿ ಪದಾಧಿಕಾರಿ ಆದರೆ ಎಷ್ಟು ಜಾಸ್ತಿ ಆಗುತ್ತದೆ? ಸಭೆಯ ವಿಧಿಗಳಲ್ಲಿ ಹೇಳುವ ಮಾತುಗಳನ್ನು ಬಾಯಿಪಾಠ ಮಾಡಬೇಕು, ಅದಕ್ಕೂ ಹೊತ್ತು ಬೇಕು. ನಮ್ಮವರು ಲೋಕಲ್ ಟ್ರೇನಿನಲ್ಲೇ ಮಾಡಿಕೊಳ್ಳುತ್ತಾರೆ. ಊಟದ ಹೊತ್ತಿಗೆ ಗ್ಲಾಸು ಎತ್ತುವ ಪದ್ಧತಿ ಇದೆ. ಅದರಲ್ಲಿ ಏನು ಹಾಕಿಕೊಳ್ಳುತ್ತೀರಿ ಅಂತ ನೇರವಾಗಿ ಕೇಳಿ. ನಮ್ಮವರದ್ದು ಲಿಂಬೆ ಶರಬತ್ತು.

ನನ್ನ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಇದರಿಂದ ಬಿಸಿನೆಸ್ಸಿಗೆ ಲಾಭ ಇದೆಯಾ ಭಾವ?" ಇಲ್ಲ. ಲಾಭದ ಆಸೆಯಿಂದ ಬಂದಿಲ್ಲ ಅಂತ ಸೇರುವಾಗಲೇ ಬಾಯಿಬಿಟ್ಟು ಹೇಳಿಸುತ್ತಾರೆ. ಅಣ್ಣನಿಗೆ ಅಲ್ಲಿಗೇ ಆಸಕ್ತಿ ಹೋಯಿತು.

ಮಕ್ಕಳ ಜೊತೆ ತಾಳ್ಮೆ ಬೇಕು. ಮಗಳು ಯೂಟ್ಯೂಬಿನಲ್ಲಿ, ಮೇಸನ್ನರೂ ಲೋಕವನ್ನು ಗುಟ್ಟಾಗಿ ಆಳುವ ಇಲ್ಯುಮಿನಾಟಿಯೂ ಒಂದೇ ಅನ್ನುವ ವಿಡಿಯೋ ನೋಡಿ ಹೆದರಿದ್ದಳು. ಬಯ್ಯಬೇಡಿ, ಇಸವಿ ಹಿಡಿದು ಹೇಳಿ. ಇಲ್ಯುಮಿನಾಟಿ 1776ರಲ್ಲಿ ಜರ್ಮನಿಯ ಬವೇರಿಯಾದಲ್ಲಿ ಹುಟ್ಟಿದ ಬೇರೆ ಕೂಟ. ಹತ್ತು ವರ್ಷದೊಳಗೆ ಅಲ್ಲಿನ ಸರ್ಕಾರವೇ ನಿಷೇಧಿಸಿತು. ಮೇಸನ್ನರ ಮೊದಲ ಗ್ರ್ಯಾಂಡ್ ಲಾಡ್ಜ್, ಅಂದರೆ ಲಾಡ್ಜುಗಳ ಮೇಲಿನ ಮುಖ್ಯ ಸಂಸ್ಥೆ, 1717ರಲ್ಲಿ ಲಂಡನ್ನಿನಲ್ಲಿ ಆದದ್ದು. ಮುಂಬೈಯಲ್ಲೇ 1843ರಲ್ಲಿ ಜೇಮ್ಸ್ ಬರ್ನ್ಸ್ ಎಂಬ ಸ್ಕಾಟ್ಲೆಂಡಿನ ಡಾಕ್ಟರು, ಭಾರತೀಯರಿಗೂ ಜಾಗ ಸಿಗಲಿ ಅಂತ ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ ಎಂಬ ಲಾಡ್ಜ್ ತೆರೆದರು. ವಿವೇಕಾನಂದರು ಸನ್ಯಾಸಿ ಆಗುವ ಮೊದಲು, 1884ರಲ್ಲಿ, ಕಲ್ಕತ್ತೆಯ ಲಾಡ್ಜಿಗೆ ಸೇರಿದ್ದರು. ನಮ್ಮದೇ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಆದದ್ದು 1961ರಲ್ಲಿ. ಅವಳನ್ನು ಒಂದು ಭಾನುವಾರ ಸಿಎಸ್ಎಂಟಿ (ಹಳೇ ವಿ.ಟಿ.) ಸ್ಟೇಷನ್ನಿನಲ್ಲಿ ಇಳಿಸಿ, ಸ್ಟರ್ಲಿಂಗ್ ಟಾಕೀಸಿನ ಹತ್ತಿರದ ಫ್ರೀಮೇಸನ್ಸ್ ಹಾಲ್ ಕಟ್ಟಡವನ್ನು ಹೊರಗಿನಿಂದ ತೋರಿಸಿದೆವು. ವಿಳಾಸ ಇರುವ, ಹೆಸರು ಬರೆದಿರುವ ಕಟ್ಟಡ ನೋಡಿದ ಮೇಲೆ ಅರ್ಧ ಭಯ ಹೋಯಿತು.

ಹೆಂಗಸರನ್ನು ಯಾಕೆ ಸೇರಿಸುವುದಿಲ್ಲ ಅಂತ ಅವಳು ಕೇಳಿದ್ದಕ್ಕೆ ನಮ್ಮವರ ಹತ್ತಿರ ಉತ್ತರ ಇರಲಿಲ್ಲ. ಹೆಂಗಸರೂ ಸೇರಬಹುದಾದ ಬೇರೆ ಶಾಖೆಯನ್ನು ಆನಿ ಬೆಸೆಂಟ್ ಭಾರತಕ್ಕೆ ತಂದಿದ್ದರು, ಆದರೆ ಇವರದ್ದು ಗಂಡಸರದ್ದು ಮಾತ್ರ. ಮಗಳ ಬೇಸರ ನ್ಯಾಯವಾದದ್ದು. ನನಗೂ ಆ ಬೇಸರ ಇದೆ. ಅದನ್ನು ಮಾತಾಡಿ ಮುಚ್ಚಲು ಹೋಗಬೇಡಿ.

ಕೆಳಗಿನ ಮನೆಯ ಮಂಗಳೂರು ಕಥೋಲಿಕ್ ಹೆಂಗಸು ನನಗೆ ಮೆಲ್ಲಗೆ ಎಚ್ಚರಿಕೆ ಹೇಳಿದರು. ಅವರ ಚರ್ಚಿನ ನಿಷೇಧ 1738ರಿಂದ ಇದೆ. 1983ರಲ್ಲಿ ವ್ಯಾಟಿಕನ್ ಮತ್ತೆ ಖಚಿತ ಮಾಡಿತು: ಸೇರಿದ ಕಥೋಲಿಕರು ಚರ್ಚಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದ ತೆಗೆದುಕೊಳ್ಳುವಂತಿಲ್ಲ. ನಿಮ್ಮದು ಕಥೋಲಿಕ್ ಮನೆಯಾದರೆ ಅರ್ಜಿ ಹಾಕುವ ಮೊದಲೇ ಪಾದ್ರಿಯವರನ್ನು ಕಂಡು ಮಾತಾಡಿ. ಮನೆಯೊಳಗೆ ಕೂತು ತೀರ್ಮಾನ ಮಾಡುವ ವಿಷಯ ಅಲ್ಲ ಅದು.

ಇನ್ನೊಂದು. ಸಭೆ ನಡೆಯುವಾಗ ಬಾಗಿಲು ಹಾಕಿರುತ್ತಾರೆ, ಬಾಗಿಲಲ್ಲಿ ಕಾಯುವವರು ಇರುತ್ತಾರೆ, ನಮ್ಮವರ ಮೊಬೈಲು ಆಫ್ ಆಗಿರುತ್ತದೆ. ಒಮ್ಮೆ ಅತ್ತೆಗೆ ಬಿಪಿ ಏರಿದಾಗ ನಾನು ಹದಿನಾಲ್ಕು ಸಲ ಫೋನ್ ಮಾಡಿದ್ದೆ. ಒಳಗೆ ಸುದ್ದಿ ಮುಟ್ಟಿಸಬಲ್ಲ ಒಬ್ಬರ ನಂಬರನ್ನು ಮೊದಲೇ ಬರೆದಿಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಅದು ಫ್ರಿಜ್ಜಿನ ಬಾಗಿಲ ಮೇಲೆ ಇದೆ, ಅತ್ತೆಗೆ ಕನ್ನಡಕ ಇಲ್ಲದೆಯೂ ಕಾಣುವಷ್ಟು ದೊಡ್ಡ ಕನ್ನಡ ಅಂಕಿಗಳಲ್ಲಿ.