ಡೌನ್‌ಲೋಡ್ ಲಿಂಕ್‌ಗಳನ್ನು ನಮ್ಮ ಕಂಪ್ಯೂಟರಿನಲ್ಲೇ ಪರೀಕ್ಷಿಸುವುದು

ಎಚ್‌ಟಿಎಂಎಲ್ ಪುಟವನ್ನು ಫೋಲ್ಡರ್‌ನಿಂದ ನೇರವಾಗಿ ತೆರೆದು ಡೌನ್‌ಲೋಡ್ ಲಿಂಕ್ ಒತ್ತಿ ನೋಡುವ ಅಭ್ಯಾಸವನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಹಾಗೆ ತೆರೆದ ಪುಟದ ವಿಳಾಸ ‘ಫೈಲ್’ ಎಂದು ಶುರುವಾಗುತ್ತದೆ. ತೊಡಕಿನ ಬೇರು ಅಲ್ಲೇ ಇದೆ. ಲಿಂಕ್‌ನ ದಾರಿ ಓರೆಗೆರೆಯಿಂದ ಆರಂಭವಾಗಿದ್ದರೆ ಸರ್ವರ್‌ನಲ್ಲಿ ಅದು ತಾಣದ ರೂಟ್ (ಎಲ್ಲಕ್ಕೂ ಮೇಲಿನ) ಫೋಲ್ಡರ್, ಇಲ್ಲಿ ಇಡೀ ಡಿಸ್ಕಿನ ರೂಟ್. ಕಡತ ಸಿಗುವುದಾದರೂ ಹೇಗೆ? ಸಿಕ್ಕರೂ ಇಂದಿನ ಬ್ರೌಸರ್‌ಗಳು ಡಿಸ್ಕಿನ ಒಂದೊಂದು ಕಡತವನ್ನೂ ಬೇರೆ ಬೇರೆ ಒರಿಜಿನ್ (ಕಡತ ಬಂದ ಮೂಲ) ಎಂದೇ ಎಣಿಸುವುದರಿಂದ, ‘ತೆರೆಯಬೇಡ, ಉಳಿಸು’ ಎಂದು ಲಿಂಕ್‌ಗೆ ಹಾಕಿದ, ಒಂದೇ ಒರಿಜಿನ್ ಇದ್ದರೆ ಮಾತ್ರ ನಡೆಯುವ ಡೌನ್‌ಲೋಡ್ ಆಟ್ರಿಬ್ಯೂಟ್‌ಗೆ ಬೆಲೆ ಇರುವುದಿಲ್ಲ. ಪಿಡಿಎಫ್ ಡೌನ್‌ಲೋಡ್ ಆಗಿ ಉಳಿಯುವ ಬದಲು ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ.

ಹಾಗಾಗಿ ಮೊದಲು ಒಂದು ಸರ್ವರ್ ಬೇಕು. ನಾನು ಪೈಥಾನ್ ಜೊತೆಗೇ ಬರುವ ಎಚ್‌ಟಿಟಿಪಿ ಸರ್ವರ್ ಮಾಡ್ಯೂಲನ್ನು ಪ್ರಾಜೆಕ್ಟ್ ಫೋಲ್ಡರ್‌ನೊಳಗಿಂದ ಚಾಲೂ ಮಾಡುತ್ತೇನೆ. ಲೋಕಲ್‌ಹೋಸ್ಟ್‌ನ, ಅಂದರೆ ನಮ್ಮದೇ ಕಂಪ್ಯೂಟರಿನ, 8000ನೇ ಪೋರ್ಟ್‌ನಲ್ಲಿ (ಸಂಖ್ಯೆ ಹೊತ್ತ ಸಂಪರ್ಕದ ಬಾಗಿಲಿನಲ್ಲಿ) ಪುಟ ಸಿಗುತ್ತದೆ. ಸರ್ವರ್ ಯಾವ ವಿಳಾಸದಲ್ಲಿ ಕೇಳಿಸಿಕೊಳ್ಳಬೇಕೆಂದು ಹೇಳುವ ಬೈಂಡ್ ಆಯ್ಕೆಯಲ್ಲಿ, ನಮ್ಮ ಯಂತ್ರಕ್ಕಷ್ಟೇ ಸೀಮಿತವಾದ 127.0.0.1 ಎಂದು ಕೊಡುವುದನ್ನು ಮರೆಯುವುದಿಲ್ಲ. ಇಲ್ಲವಾದರೆ ಅದೇ ನೆಟ್‌ವರ್ಕ್‌ನಲ್ಲಿರುವ ಬೇರೆಯವರಿಗೂ ಫೋಲ್ಡರ್ ಬಾಗಿಲು ತೆರೆದಂತೆ.

ಜಿಪ್ ಕಡತವನ್ನಿಟ್ಟು ಪರೀಕ್ಷಿಸಿದರೆ ಏನೂ ತಿಳಿಯುವುದಿಲ್ಲ. ಬ್ರೌಸರ್ ತಾನು ತೋರಿಸಲಾರದ್ದನ್ನು ಹೇಗಿದ್ದರೂ ಉಳಿಸಿಕೊಳ್ಳುತ್ತದೆ. ಪಿಡಿಎಫ್, ಚಿತ್ರ, ಸಾದಾ ಪಠ್ಯ ಇವನ್ನೇ ಒತ್ತಿ ನೋಡಬೇಕು.

ಇನ್ನು ನಿಜವಾದ ತಲೆನೋವು: ಪುಟ 3000ನೇ ಪೋರ್ಟ್‌ನಲ್ಲಿ, ಕಡತಗಳು 8000ರಲ್ಲಿ. ಎರಡೂ ಒಂದೇ ಯಂತ್ರದಲ್ಲಿವೆ ಎಂಬುದು ನಮ್ಮ ಲೆಕ್ಕ. ಪೋರ್ಟ್ ಬದಲಾದರೆ ಒರಿಜಿನ್ ಬದಲಾಯಿತು ಎಂಬುದು ಬ್ರೌಸರ್ ಲೆಕ್ಕ. ಡೌನ್‌ಲೋಡ್ ಆಟ್ರಿಬ್ಯೂಟ್ ಮತ್ತೆ ನಿಷ್ಫಲ. ಆಗ ಕಡತ ಕೊಡುವ ಸರ್ವರೇ ಕಡತದ ಜೊತೆ ಕಳುಹಿಸುವ ಸೂಚನೆಯಾದ ಕಂಟೆಂಟ್-ಡಿಸ್ಪೊಸಿಷನ್ ಹೆಡರ್‌ನಲ್ಲಿ ‘ಅಟ್ಯಾಚ್‌ಮೆಂಟ್’ (ಉಳಿಸಬೇಕಾದ ಕಡತ) ಎಂದು ಹೇಳಬೇಕು. ಪೈಥಾನ್‌ನ ಕೋರಿಕೆಗಳಿಗೆ ಉತ್ತರ ಕೊಡುವ ಸಿದ್ಧ ಹ್ಯಾಂಡ್ಲರ್ ಕ್ಲಾಸನ್ನು ವಿಸ್ತರಿಸಿ, ಹೆಡರ್‌ಗಳು ಮುಗಿಯುವ ಮುನ್ನ ಇದೊಂದನ್ನು ಸೇರಿಸಿದರೆ ಸಾಕು, ನಾಲ್ಕಾರು ಸಾಲಿನ ಕೆಲಸ. ಆದರೆ ಡೌನ್‌ಲೋಡ್ ಫೋಲ್ಡರ್‌ನ ದಾರಿಗಳಿಗೆ ಮಾತ್ರ ಸೇರಿಸಬೇಕು, ಎಲ್ಲಕ್ಕೂ ಸೇರಿಸಿದರೆ ಮುಖಪುಟವೂ ಡೌನ್‌ಲೋಡ್ ಆಗಿ ಕೂರುತ್ತದೆ! ಹೆಡರ್‌ನಲ್ಲಿ ಕಡತದ ಹೆಸರಿದ್ದರೆ ಆಟ್ರಿಬ್ಯೂಟ್‌ನಲ್ಲಿ ಬರೆದ ಹೆಸರಿಗಿಂತ ಅದರದೇ ಮೇಲುಗೈ.

ಹೆಸರಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಕನ್ನಡದ ಒಂದು ‘ಕ’ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್. ವಿಳಾಸದೊಳಗೆ ಶೇಕಡಾ ಚಿಹ್ನೆಗಳೂ ಸೇರಿ 9 ಅಕ್ಷರ. ಬ್ರೌಸರ್ ಅದನ್ನು ಸಂಭಾಳಿಸುತ್ತದೆ, ಆದರೆ ದೋಷ ಹುಡುಕುವಾಗ ಕಣ್ಣಿಗೆ ಹಿಂಸೆ. ಸರ್ವರ್‌ನಲ್ಲಿ ಸಣ್ಣಕ್ಷರದ ಇಂಗ್ಲಿಷ್ ಹೆಸರಿಟ್ಟು, ಓದುಗರಿಗೆ ಕಾಣುವ ಕನ್ನಡ ಹೆಸರನ್ನು ಆಟ್ರಿಬ್ಯೂಟ್‌ನಲ್ಲಿ ಕೊಡುತ್ತೇನೆ. ಸಣ್ಣಕ್ಷರವೇ ಏಕೆಂದರೆ, ವಿಂಡೋಸ್‌ನಲ್ಲಿ ದೊಡ್ಡಕ್ಷರ-ಸಣ್ಣಕ್ಷರದ ಭೇದ ಸಾಮಾನ್ಯವಾಗಿ ನಡೆಯುವುದಿಲ್ಲ, ಲಿನಕ್ಸ್ ಸರ್ವರ್‌ನಲ್ಲಿ ನಡೆಯುತ್ತದೆ.

ಕಡತ ಇಳಿದರೂ ತೆರೆಯದಿದ್ದರೆ ಮೊದಲು ಅದರ ಗಾತ್ರ ನೋಡಿ. ದೊಡ್ಡ ಪಿಡಿಎಫ್ ಕೆಲವೇ ಕಿಲೋಬೈಟ್ ಆಗಿದ್ದರೆ ಅದನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆಯಿರಿ. ಮೊದಲ ಸಾಲಿನಲ್ಲೇ ಎಚ್‌ಟಿಎಂಎಲ್ ಕಂಡರೆ ದಾರಿ ತಪ್ಪಿದೆ ಎಂದರ್ಥ: ಕೆಲವು ಡೆವಲಪ್‌ಮೆಂಟ್ ಸರ್ವರ್‌ಗಳು ಇಲ್ಲದ ಕಡತಕ್ಕೆ 404 (ಸಿಗಲಿಲ್ಲ) ಎನ್ನದೆ, 200 (ಎಲ್ಲ ಸರಿ) ಎಂದು ಹೇಳಿ ಮುಖಪುಟವನ್ನೇ ಕೊಟ್ಟು ಕಳುಹಿಸುತ್ತವೆ.